ಮೂರು ಡಿಸ್ಕಿನ ಮುನೀಮ

ಬಸವಕಲ್ಯಾಣ, ಹುಮನಾಬಾದದ ಅಡತ್ ಅಂಗಡಿಗಳಲ್ಲಿ ತೊಗರಿ, ಸೋಯಾ, ಉದ್ದಿನ ಲೆಕ್ಕ ಬರೆಯುವ ಮುನೀಮರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಮೂರು ಡಿಸ್ಕಿನವನು ಸಿಗುತ್ತಾನೆ. ಗುರುತು ಹಿಡಿಯುವುದು ಸುಲಭ. ಸಂಜೆ ಶಟರ್ ಎಳೆಯುವ ಹೊತ್ತಿಗೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರೆ ಇವನು ಲೆಕ್ಕದ ನಕಲು ಇಳಿಯುತ್ತಿರುವ ಡಿಸ್ಕಿನ ನೀಲಿ ದೀಪ ಮಿಣುಕುವುದು ನಿಲ್ಲಲೆಂದು ಕಾದು ಕೂತಿರುತ್ತಾನೆ. ನಿಂತ ಮೇಲೆ ವೈರು ಕಿತ್ತು, ಸುತ್ತಿ, ರಬ್ಬರ್ ಹಾಕಿ, ಹೆಂಡತಿಯ ಹಳೇ ಖಣದ ತುಂಡಿನಲ್ಲಿ ಡಿಸ್ಕನ್ನು ಕಟ್ಟಿ, ಬೂಟಿನ ಡಬ್ಬಿಯಲ್ಲಿ ಬಂದ ‘ತಿನ್ನಬೇಡಿ’ ಪುಡಿಕೆಯೊಂದನ್ನೂ ಒಳಗೆ ತುರುಕುತ್ತಾನೆ. ದಿನದ ಡಿಸ್ಕಿನ ಹೆಸರು ಮಗ, ವಾರದ್ದು ಅಪ್ಪ, ತಿಂಗಳಿನದು ಮುತ್ಯಾ. (ನಗಬೇಡಿ, ಕಂಪ್ಯೂಟರ್ ಲೋಕವೂ ಈ ಸರದಿಯನ್ನು ಇದೇ ವಂಶಾವಳಿಯ ಹೆಸರಿನಿಂದಲೇ ಕರೆಯುತ್ತದೆ.) ಮಗ ಗಲ್ಲಾಪೆಟ್ಟಿಗೆಯ ಪಕ್ಕ, ಅಪ್ಪ ಮನೆಯ ಅಲ್ಮಾರಿಯಲ್ಲಿ, ಮುತ್ಯಾ ಮಾತ್ರ ಬಸ್ಸು ಹತ್ತಿ, ಸಸ್ತಾಪುರ ಬಂಗ್ಲಾ ದಾಟಿ, ಹುಮನಾಬಾದದ ಬೀಗರ ಮನೆ ಸೇರಿರುತ್ತಾನೆ. ಸಾಹುಕಾರರು ಹಳೇ ಪಟ್ಟಿ ಯಾವುದನ್ನಾದರೂ ಕೇಳಿದರೆ ಉತ್ತರ ಸಿದ್ಧ: “ಮುತ್ಯಾ ಹುಮನಾಬಾದದಾಗ ಹಾನ್ರಿ, ಸಾವ್ಕಾರ್ರ.”

ಪೇಟೆ ಇವನನ್ನು ಸಂಶಯದ ಪ್ರಾಣಿ ಎನ್ನುತ್ತದೆ. ಇರಬಹುದು, ಆದರೆ ಆ ಸಂಶಯಕ್ಕೆ ಲೆಕ್ಕ ಗೊತ್ತು. ವೈರಿಗೆ ಅಂಟಿಕೊಂಡೇ ಇರುವ ನಕಲು ಮೂಲದ ಜೊತೆಗೇ ಸಾಯುತ್ತದೆ ಎಂಬುದಷ್ಟೇ ಅವನ ವಾದ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕೇಡು ಹೊಕ್ಕ ಕಂಪ್ಯೂಟರಿನ ಕಡತಗಳಿಗಷ್ಟೇ ಅಲ್ಲ, ಅದಕ್ಕೆ ಸಿಕ್ಕಿಸಿಟ್ಟ ಡಿಸ್ಕುಗಳಿಗೂ ಬೀಗ ಜಡಿದು ದುಡ್ಡು ಕೇಳಿತು. ಮರುತಿಂಗಳು ನಾಟ್‌ಪೆಟ್ಯಾ ಬಂತು. ಜಗತ್ತಿನೆಲ್ಲೆಡೆ ಸರಕನ್ನು ಹಡಗಿನಲ್ಲಿ ಸಾಗಿಸುವ ಮಾರ್ಸ್ಕ್ ಕಂಪನಿಯ ಜಾಲದ ಕೀಲಿಕೈಗಳಿದ್ದ ಸರ್ವರುಗಳು ಒಂದನ್ನೊಂದು ನೋಡಿ ನಕಲು ಮಾಡಿಕೊಳ್ಳುತ್ತಿದ್ದವು. ಆದ್ದರಿಂದ ಕೂಡಿಯೇ ನಾಶವಾದವು. ಉಳಿದದ್ದು ಘಾನಾ ದೇಶದ ಒಂದೇ ಸರ್ವರ್. ಕಾರಣ? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಜಾಲವನ್ನು ಮತ್ತೆ ಕಟ್ಟುತ್ತಿದ್ದುದು ಬ್ರಿಟನ್ನಿನಲ್ಲಿ; ಘಾನಾದ ನೌಕರನಿಗೆ ಅಲ್ಲಿಯ ವೀಸಾ ಇರಲಿಲ್ಲವಾಗಿ ಡಿಸ್ಕನ್ನು ನೈಜೀರಿಯಾದ ವಿಮಾನ ನಿಲ್ದಾಣಕ್ಕೆ ಒಯ್ದು ಇನ್ನೊಬ್ಬನ ಕೈಗಿತ್ತ. ಅವನು ಲಂಡನ್ನಿಗೆ ಹಾರಿದ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದು ಬೀಗರ ಹುಡುಗನ ಕೈಗೆ ಮುತ್ಯಾನನ್ನು ಒಪ್ಪಿಸುವ ಮುನೀಮನೂ ಮಾಡುವುದು ಇದನ್ನೇ, ವೀಸಾದ ತಾಪತ್ರಯವಿಲ್ಲದೆ.

ಒಂದು ಡಿಸ್ಕು ಸಾಲದೇ, ಮೂರೇಕೆ? ತಪ್ಪು ನಡೆದ ದಿನವೇ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ. ಸೋಮವಾರ ಟ್ಯಾಲಿಯ ಕಡತ ಕೆಟ್ಟದ್ದು ಶುಕ್ರವಾರ ರೈತ ಬಂದು ಜಗಳ ತೆಗೆದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಮಗ ನಾಲ್ಕು ಸಲ ಕೆಟ್ಟದ್ದನ್ನೇ ಬರೆದುಕೊಂಡಿರುತ್ತಾನೆ. ಆಗ ಅಪ್ಪ ಬೇಕು. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಯಬೇಕೆಂದು ಕಾಯಿದೆಯೇ ಹೇಳುವಾಗ ಮುತ್ಯಾನ ಆಯುಷ್ಯವೂ ಗಟ್ಟಿಯಿರಬೇಕು. “ಎಲ್ಲಾ ಗೂಗಲ್ ಡ್ರೈವಿನ್ಯಾಗ ಹಾಕ್ರಿ ಕಾಕಾ” ಎನ್ನುವ ಅಂಗಡಿಯ ಹುಡುಗನ ಮಾತೂ ಸುಳ್ಳಲ್ಲ. ಆದರೆ ತಂತಾನೇ ಹೊಂದಿಸಿಕೊಳ್ಳುವ ಆ ಜಾಗ ಕೆಟ್ಟ ಕಡತವನ್ನೂ ಅಷ್ಟೇ ನಿಷ್ಠೆಯಿಂದ ಮೇಲಕ್ಕೊಯ್ಯುತ್ತದೆ. ಹಳೆಯ ಪ್ರತಿಗಳನ್ನು ಕೆಲಕಾಲ ಉಳಿಸುತ್ತಾರೆ, ಆಮೇಲೆ ಇಲ್ಲ. ಮೋಡವೆಂದರೂ ಅದೊಂದು ಕಟ್ಟಡವೇ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಅಂಥದ್ದೊಂದು ಸುಟ್ಟಾಗ, ಬೇರೆಲ್ಲೂ ನಕಲಿಡದವರ ಕಡತಗಳೂ ಬೂದಿಯಾದವು. ಹಾಗಂತ ಅದನ್ನು ನಾಲ್ಕನೆಯ ನಕಲಾಗಿಯೂ ಒಲ್ಲೆ ಎನ್ನುವುದು ಮುನೀಮನ ಮೊಂಡುತನ. ‘ಡಿಸ್ಕುಗಳೂ ಸಾಯುತ್ತವಲ್ಲ’ ಎಂಬ ಆಕ್ಷೇಪಕ್ಕೆ ಅವನ ಬಳಿ ಉತ್ತರವಿದೆ: ಮೂರೂ ಒಂದೇ ದಿನ ಸಾಯಲಾರವು. ಚೌಕಾಸಿಗೆ ಅನುಕೂಲವೆಂದು ಮೂರನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ಕೊಂಡದ್ದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳುವುದಿಲ್ಲ.

ನಕಲನ್ನು ದೂರದೂರ ಇಡುವ ಬುದ್ಧಿ ಬಸವಕಲ್ಯಾಣಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲೆದ್ದ ಗಲಭೆಯಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಕಲ್ಯಾಣ ಬಿಟ್ಟರೆಂದೂ, ಚನ್ನಬಸವಣ್ಣನ ತಂಡ ಉಳವಿಯತ್ತ ನಡೆಯಿತೆಂದೂ ನಂಬಿಕೆ. ಮುಂದೆ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಎಲ್ಲವೂ ಒಂದೇ ಉಗ್ರಾಣದಲ್ಲಿದ್ದಿದ್ದರೆ ಅವರಿಗೆ ತಿರುಗುವ ಕಷ್ಟವಿರುತ್ತಿರಲಿಲ್ಲ, ಕೂಡಿಸಲು ಗರಿಯೂ ಇರುತ್ತಿರಲಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಕಟ್ಟು ಬಿಚ್ಚುವವರಿಲ್ಲದೆ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಕೂತಿತ್ತು. ಹುಳಕ್ಕೆ ಅದೇ ಬೇಕಿತ್ತು. ನಮ್ಮ ಮುನೀಮನ ದೋಷವೂ ಇಲ್ಲೇ ಇದೆ. ದೀಪಾವಳಿಯ ಖಾತೆಪೂಜೆಯಲ್ಲಿ ಮೂರೂ ಡಿಸ್ಕಿಗೆ ಅರಿಶಿನ ಕುಂಕುಮ ಏರುತ್ತದೆ, ವೈರು ಸಿಕ್ಕಿಸುವ ಕಿಂಡಿಗೂ ಒಂದಿಷ್ಟು ಬೀಳುತ್ತದೆ. ಆದರೆ ಮುತ್ಯಾನನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಹೋದ ವರ್ಷದ ತೊಗರಿ ಲೆಕ್ಕ ತೆರೆಯುತ್ತದೆಯೇ ಎಂದು ಅವನು ಎಂದೂ ನೋಡಿದವನಲ್ಲ. ನೋಡಲು ಬೇರೆಯವರಿಗೂ ಆಗದು: ಮೂರಕ್ಕೂ ಪಾಸ್‌ವರ್ಡ್ ಹಾಕಿದ್ದಾನೆ, ಅದರ ಒಂದೇ ಒಂದು ಪ್ರತಿ ಅವನ ತಲೆಯೊಳಗಿದೆ.