ಬೋಳುತಲೆಯ ಆರೋಪಪಟ್ಟಿ

ಬೆಂಗಳೂರಿನ ಗಂಡಸಿನ ಕೂದಲು ಉದುರಿದರೆ ಮೊದಲ ಆರೋಪಿ ಬೋರ್‌ವೆಲ್ ನೀರು, ಎರಡನೆಯದು ಹೆಲ್ಮೆಟ್, ಮೂರನೆಯದು ಪಕ್ಕದ ಬೀದಿಯ ಸೆಲೂನಿನ ಕತ್ತರಿ. ಪಾಪ, ನೀರು ಹೆಚ್ಚೆಂದರೆ ಕೂದಲನ್ನು ಒರಟು ಮಾಡೀತು, ಅಷ್ಟೇ. ನಿಜವಾದ ಕಳ್ಳ ಮನೆಯೊಳಗೇ ಇದ್ದಾನೆ: ಗಡ್ಡ ಮೀಸೆ ಕೊಟ್ಟ ಟೆಸ್ಟೋಸ್ಟೆರಾನ್‌ನಿಂದಲೇ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು! ವಂಶವಾಹಿ ಒಪ್ಪಿಗೆ ಕೊಟ್ಟ ತಲೆಯಲ್ಲಿ ಅದು ಕೂದಲ ಬುಡವನ್ನು ವರ್ಷವರ್ಷವೂ ಸಣಕಲು ಮಾಡುತ್ತದೆ. ಸೋದರಮಾವನ ನೆತ್ತಿ ನೋಡಿ ಭವಿಷ್ಯ ಹೇಳುವವರಿಗೆ ಅರ್ಧ ಅಂಕ. ಅಪ್ಪನ ಕಡೆಯ ಪಾಲೂ ಉಂಟು. ಗೇಣು ಜಾಗಕ್ಕೆ ಕೋರ್ಟು ಹತ್ತುವ ದಾಯಾದಿಗಳು ಈ ಆಸ್ತಿಗೆ ಮಾತ್ರ ತಕರಾರು ಎತ್ತುವುದಿಲ್ಲ. ಹಾಗಂತ ಉದುರಿದ್ದೆಲ್ಲ ಡಿಎಚ್‌ಟಿಯ ಕೈವಾಡವಲ್ಲ: ಡೆಂಗಿ, ಟೈಫಾಯ್ಡ್ ಬಂದುಹೋದ ಎರಡು-ಮೂರು ತಿಂಗಳಿಗೆ ಉದುರುವ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಬಾಚಣಿಗೆ ಹಿಡಿದು ಲೆಕ್ಕ ಹಾಕಬೇಡಿ. ದುಂಡಗೆ ತೇಪೆತೇಪೆಯಾಗಿ ಉದುರಿದರೆ ಮಾತ್ರ ಎಣ್ಣೆಯಂಗಡಿಗಲ್ಲ, ಚರ್ಮವೈದ್ಯರ ಬಳಿಗೆ ಹೋಗಿ.