ಗೆದ್ದವರಿಗೆ ಟಗರು, ಸೋತವರಿಗೆ ಊಟ

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರು ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ ಪೇಪರು ಕೊಳ್ಳಬೇಕಾಗಿಲ್ಲ. ಓದುವುದಕ್ಕೆ ಬೇಕಾದ್ದೆಲ್ಲ ಗೋಡೆಗಳ ಮೇಲೆ ಇರುತ್ತದೆ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂದು ದಪ್ಪ ಅಕ್ಷರ. ಅದರ ಸುತ್ತ ದಾನಿಗಳ ಭಾವಚಿತ್ರ. ಒಬ್ಬರೂ ಕಬಡ್ಡಿ ಆಡುವ ಮೈಕಟ್ಟಿನವರಲ್ಲ. ಪ್ರಥಮ ಬಹುಮಾನ ಇಷ್ಟು ಸಾವಿರ ನಗದು, ಜೊತೆಗೆ ಆಳೆತ್ತರದ ಟ್ರೋಫಿ. ಕೆಲವು ಊರುಗಳಲ್ಲಿ ಟ್ರೋಫಿಯ ಜೊತೆ ಒಂದು ಟಗರು. ಟ್ರೋಫಿ ಶೋಕೇಸಿಗೆ ಹಿಡಿಸುವುದಿಲ್ಲ, ಟಗರು ಮಾರನೆಯ ದಿನದವರೆಗೆ ಉಳಿಯುವುದಿಲ್ಲ. ಆದ್ದರಿಂದ ಎರಡರಲ್ಲಿ ಟಗರೇ ವಾಸಿ ಎಂದು ಅನುಭವಸ್ಥರ ಅಭಿಪ್ರಾಯ.

ಪೋಸ್ಟರಿನ ನಿಜವಾದ ಸಾಹಿತ್ಯ ಇರುವುದು ಕೆಳಗೆ, ಸಣ್ಣಕ್ಷರದ ನಿಬಂಧನೆಗಳಲ್ಲಿ. ತೀರ್ಪುಗಾರರ ತೀರ್ಮಾನವೇ ಅಂತಿಮ. ಆಧಾರ್ ಕಾರ್ಡ್ ಕಡ್ಡಾಯ. ದೇಹದ ತೂಕ 55 ಕೆ.ಜಿ. ಮೀರಿರಬಾರದು. ಈ ತಾಲ್ಲೂಕಿನ ಆಟಗಾರರಿಗೆ ಮಾತ್ರ ಅವಕಾಶ. ಬಂದ ತಂಡಗಳಿಗೆ ಊಟದ ವ್ಯವಸ್ಥೆ ಇದೆ. ಕೊನೆಯದನ್ನು ಬಿಟ್ಟರೆ ಉಳಿದ ಒಂದೊಂದು ನಿಬಂಧನೆಯೂ ಹಿಂದಿನ ವರ್ಷ ಯಾರೋ ಮಾಡಿದ ಕಿತಾಪತಿಯ ದಾಖಲೆ. ತೂಕದ ನಿಬಂಧನೆ ಬಂದ ಮೇಲೆ ಹುಡುಗರು ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಕೆರೆ ಏರಿಯ ಮೇಲೆ ಓಡುವುದನ್ನು ಕಲಿತರು. ಬೆಳಗ್ಗೆಯಿಂದ ಗುಟುಕು ನೀರೂ ಕುಡಿಯದೆ ತೂಕದ ಯಂತ್ರ ಹತ್ತಿ, ಇಳಿದ ಕೂಡಲೆ ಎಂಟು ಇಡ್ಲಿ ತಿಂದು, ಕೋರ್ಟಿಗೆ ಇಳಿಯುವ ಹೊತ್ತಿಗೆ ಎರಡು ಕೆ.ಜಿ. ಹೆಚ್ಚಾಗಿರುವ ಹುಡುಗನನ್ನು ಯಾವ ಆಧಾರ್ ಕಾರ್ಡೂ ತಡೆಯಲಾರದು.

ತಾಲ್ಲೂಕಿನವರಿಗೆ ಮಾತ್ರ ಎಂಬ ನಿಬಂಧನೆಗೆ ನಮ್ಮಲ್ಲಿ ಉತ್ತರ ಬಂಧುತ್ವ. ಚನ್ನರಾಯಪಟ್ಟಣದ ಕಡೆಯ ಒಬ್ಬ ಒಳ್ಳೆಯ ರೈಡರ್ ಅರಕಲಗೂಡಿನ ತಂಡದಲ್ಲಿ ಕಾಣಿಸಿಕೊಂಡನೆನ್ನಿ. ಕಮಿಟಿಯವರು ಕೇಳುತ್ತಾರೆ:

“ಯಾರಪ್ಪ ಇವನು? ನಮ್ ಕಡೆಯೋನ್ ಅಲ್ವಲ್ಲ?”

“ನಮ್ ದೊಡ್ಡಮ್ಮನ ಮಗ ಕಣಣ್ಣ. ಇಲ್ಲೇ ಇರ್ತಾನೆ.”

“ಇಲ್ಲೇ ಅಂದ್ರೆ?”

“ಹಬ್ಬಕ್ಕೆ ಬಂದವ್ನೆ.”

ಹಬ್ಬಕ್ಕೆ ಬಂದ ನೆಂಟನನ್ನು ಆಡಬೇಡ ಎನ್ನಲು ಕಮಿಟಿಗೂ ಬಾಯಿ ಬರುವುದಿಲ್ಲ. ಅತಿಥಿ ಆಟಗಾರ ಹುಟ್ಟಿದ್ದು ಹೀಗೆ. ಅವನಿಗೆ ಬಸ್ ಚಾರ್ಜು, ಊಟ, ಗೆದ್ದರೆ ಒಂದಿಷ್ಟು ಕೈಖರ್ಚು. ಸೋತರೆ ಬರೀ ಊಟ. ಕರಾರುಪತ್ರ ಇಲ್ಲ, ಏಜೆಂಟ್ ಇಲ್ಲ, ಮನಸ್ತಾಪವೂ ಹೆಚ್ಚು ದಿನ ಇರುವುದಿಲ್ಲ.

ಆಟಗಾರರನ್ನು ಹೊರಗಿನಿಂದ ಕರೆಸುವ ಇದೇ ಕೆಲಸವನ್ನು ಅಮೆರಿಕದವರು ದೊಡ್ಡ ಉದ್ಯಮವಾಗಿ ಮಾಡಿಕೊಂಡಿದ್ದಾರೆ. ನಮ್ಮ ಹಾಸನ ಜಿಲ್ಲೆಯವರಿಗೆ ಅಮೆರಿಕ ಹೊಸದೇನಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೋಗಿಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದು, ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಾಗಿದೆ. ಹೇಮಾವತಿ ದಂಡೆಯವರು ಆ ದೇಶವನ್ನು ಅಳೆದು ನೋಡಿದ್ದಾರೆ ಎಂಬ ಧೈರ್ಯದಿಂದ ನಾನೂ ಎರಡು ಮಾತು ಹೇಳಬಹುದು. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮ ಕಡೆ ಚುನಾವಣೆ ಇದ್ದ ಹಾಗೆ. ಮನೆಮನೆಗೂ ಒಂದು ಪಕ್ಷ. ಹೈಸ್ಕೂಲಿನ ಉದ್ದನೆಯ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಕಾಲೇಜುಗಳ ಕೋಚುಗಳು ಅವನ ಮನೆಗೇ ಬರುತ್ತಾರೆ, ಅಪ್ಪ-ಅಮ್ಮನ ಎದುರು ಕೂತು ತಮ್ಮ ಕಾಲೇಜಿನ ಗುಣಗಾನ ಮಾಡುತ್ತಾರೆ. ಹುಡುಗ ಒಂದು ಕಾಲೇಜು ಸೇರಿ, ಅದು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಲು 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆ ಇದೆ. ಹೆಸರು ನೋಂದಾಯಿಸಿದರೆ ಸಾಕು, ಬೇರೆ ಕಾಲೇಜುಗಳೇ ಮಾತಾಡಿಸುತ್ತವೆ.

ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಟಿ.ಸಿ. ತೆಗೆದುಕೊಳ್ಳಬೇಕಾದರೆ ಲೈಬ್ರರಿಯಿಂದ ಬಾಕಿ ಇಲ್ಲ ಎಂಬ ಸಹಿ, ಹಾಸ್ಟೆಲಿನಿಂದ ಇನ್ನೊಂದು ಸಹಿ, ಪ್ರಯೋಗಶಾಲೆಯಿಂದ ಮತ್ತೊಂದು. ಪ್ರಯೋಗಶಾಲೆಯವರು ರಿಜಿಸ್ಟರ್ ತೆಗೆದು “ಒಂದ್ ಸ್ಕ್ರೂ ಗೇಜ್ ವಾಪಸ್ ಬಂದಿಲ್ವಲ್ಲಪ್ಪ” ಎನ್ನುತ್ತಾರೆ. ಆ ಸ್ಕ್ರೂ ಗೇಜ್ ಕಳೆದದ್ದು ಹುಡುಗ ಹುಟ್ಟುವ ಮೊದಲು. ನಮ್ಮ ಪ್ರತಿಭೆಗಳು ಊರು ಬಿಟ್ಟು ಹೋಗದಂತೆ ಕಾಪಾಡಿದ್ದು ದೇಶಪ್ರೇಮಕ್ಕಿಂತ ಹೆಚ್ಚಾಗಿ ಈ ಸ್ಕ್ರೂ ಗೇಜೇ ಇರಬೇಕು.

2021ರ ಜುಲೈಯಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಿಂದ ಹಣ ಮಾಡಬಹುದು ಎಂದೂ ಆಯಿತು. ಕೋಣೆಯೊಳಗೆ ಚಳಿಗಾಲದಲ್ಲಿ ಹುಡುಗರಿಗೆ ಕಸರತ್ತು ಆಗಲಿ ಎಂದು 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ಜೇಮ್ಸ್ ನೈಸ್ಮಿತ್ ಮೇಷ್ಟ್ರು ಎರಡು ಪೀಚ್ ಹಣ್ಣಿನ ಬುಟ್ಟಿ ಹೊಡೆಸಿ, 13 ನಿಯಮ ಬರೆದು ಶುರು ಮಾಡಿದ ಆಟ ಈ ಬ್ಯಾಸ್ಕೆಟ್‌ಬಾಲ್. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕಾಗಿತ್ತು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಎಚ್.ಸಿ. ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ದಕ್ಷಿಣದ ಶಾಲೆಗಳಿಗೆ ಕೊರಳಲ್ಲಿ ಸೀಟಿ ಹಾಕಿಕೊಂಡ ಪಿ.ಟಿ. ಮೇಷ್ಟ್ರು ಎಂಬ ಜೀವಿ ಬಂದದ್ದರಲ್ಲಿ ಆ ಕಾಲೇಜಿನ ಪಾಲು ದೊಡ್ಡದು. ಆಟವೂ ಬಂತು, ಮೇಷ್ಟ್ರೂ ಬಂದರು. ಹಣ ಮಾತ್ರ ಸಮುದ್ರ ದಾಟಲಿಲ್ಲ.

ನಮ್ಮಲ್ಲೂ ಆಟಗಾರರನ್ನು ಹುಡುಕಿ ಕರೆದೊಯ್ಯುವ ಕಾಲೇಜುಗಳು ಇಲ್ಲದಿಲ್ಲ. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ ಇಳಿದರೆ ಆ ಕಡೆ ಉಜಿರೆ, ಮೂಡುಬಿದಿರೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಆಟದಲ್ಲಿ ಮುಂದಿರುವ ಮಕ್ಕಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಉಚಿತವಾಗಿ ಕೊಡುತ್ತದೆ. ಬಡವರ ಮನೆಯ ಮಗುವಿಗೆ ಇದು ಸಣ್ಣ ಮಾತಲ್ಲ. ಹಳ್ಳಿಯ ಪಿ.ಟಿ. ಮೇಷ್ಟ್ರು ಒಂದು ಸಂಜೆ ಹುಡುಗನ ಅಪ್ಪನನ್ನು ಹುಡುಕಿಕೊಂಡು ಅರಕಲಗೂಡಿನ ಕಡೆಯ ಹೊಲಕ್ಕೆ ಹೋಗುತ್ತಾರೆ. ಅಪ್ಪ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕುತ್ತಿರುತ್ತಾನೆ.

“ಗೌಡ್ರೆ, ನಿಮ್ ಹುಡುಗನ್ನ ಘಟ್ಟದ ಕೆಳಗೆ ಕಳ್ಸಿ. ಒಂದ್ ಪೈಸ ಖರ್ಚಿಲ್ಲ.”

“ಓದು?”

“ಅವ್ರದೇ.”

“ಬಟ್ಟೆ, ಬೂಟು?”

“ಅದೂ ಅವ್ರದೇ.”

ಅಪ್ಪ ಸ್ವಲ್ಪ ಹೊತ್ತು ಬೆಂಕಿ ನೋಡುತ್ತಾನೆ. ಆಮೇಲೆ ಮುಖ್ಯ ಪ್ರಶ್ನೆ ಬರುತ್ತದೆ. “ಅಲ್ಲಿ ಮುದ್ದೆ ಮಾಡ್ತಾರಾ ಮೇಷ್ಟ್ರೆ?”

ಮೇಷ್ಟ್ರು ಇಲ್ಲಿ ಸುಳ್ಳು ಹೇಳಲಾರರು. ಅಲ್ಲಿ ಕುಚ್ಚಲಕ್ಕಿ ಅನ್ನ. ಮಾತುಕತೆ ಮುರಿದು ಬೀಳುವುದಾದರೆ ಇಲ್ಲೇ. ಆದರೂ ಹುಡುಗ ಕೊನೆಗೆ ಹೋಗುತ್ತಾನೆ. ಮೊದಲ ತಿಂಗಳು ಅಳುತ್ತಾನೆ, ಎರಡನೆಯ ತಿಂಗಳು ಮೀನು ತಿನ್ನಲು ಕಲಿಯುತ್ತಾನೆ, ವರ್ಷ ಕಳೆದು ಊರಿಗೆ ಬಂದಾಗ ಅವನ ಕನ್ನಡವೇ ಬೇರೆ. “ಎಂಥದು ಅಮ್ಮ” ಎಂದರೆ ಅವ್ವ ಗಾಬರಿಯಾಗುತ್ತಾಳೆ.

ಆ ಅಪ್ಪ ಆಟಗಾರರ ಹರಾಜಿನ ಸುದ್ದಿ ಕೇಳಿ ಬೆರಗಾಗುವುದಿಲ್ಲ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ಪವನ್ ಸೆಹ್ರಾವತ್ ಎರಡೂವರೆ ಕೋಟಿಗೂ ಮಿಕ್ಕಿ ಹೋದರು ಎಂದರೆ, “ಗ್ರೇಡು ಒಳ್ಳೇದಿರ್ಬೇಕು” ಎನ್ನುತ್ತಾನೆ. ರಾಮನಾಥಪುರದ ತಂಬಾಕು ಹರಾಜು ಕಟ್ಟೆಯಲ್ಲಿ ತನ್ನ ಬೇಲುಗಳ ಪಕ್ಕ ನಿಂತು ಅವನಿಗೆ ರೂಢಿ. ಒಂದೇ ಹೊಲದ ಸೊಪ್ಪಿಗೆ ಒಂದು ದಿನ ಒಂದು ರೇಟು, ಮಾರನೆ ದಿನ ಇನ್ನೊಂದು. ಕೊಳ್ಳುವವನ ಕಣ್ಣಿಗೆ ಬಿದ್ದರೆ ಮಾಲು, ಬೀಳದಿದ್ದರೆ ಬರೀ ಎಲೆ.

ಈಗ ಪಂದ್ಯಾವಳಿಯ ಕಡೆ ಬರೋಣ. ನಮ್ಮ ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ಎಲ್ಲರಿಗೂ ಬಾಯಿಪಾಠ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಹಾಸನ ಜಿಲ್ಲೆಗೆ ತಾಲ್ಲೂಕು ಎಂಟು. ನಾಕ್‌ಔಟ್ ಪಂದ್ಯಕ್ಕೆ ದೇವರೇ ಕೊಟ್ಟ ಸಂಖ್ಯೆ. ನಾಲ್ಕು ಕ್ವಾರ್ಟರ್ ಫೈನಲ್, ಎರಡು ಸೆಮಿ, ಒಂದು ಫೈನಲ್, ಬೈ ಬೇಕಾಗಿಲ್ಲ. ಆದರೆ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಎಂಟೂ ತಂಡ ಹೊತ್ತಿಗೆ ಸರಿಯಾಗಿ ಬರುವ ದಿನ ಅಪರೂಪ. ಒಂದರ ಬಸ್ಸು ಕೆಟ್ಟಿರುತ್ತದೆ, ಇನ್ನೊಂದರ ರೈಡರಿಗೆ ಜ್ವರ ಬಂದಿರುತ್ತದೆ. ಹೀಗಾಗಿ ಬೆವರು ಸುರಿಸದೆ ಸೆಮಿಫೈನಲ್ ತಲುಪಿದ ತಂಡ ಗೇಟಿನ ಹೊರಗೆ ಚುರುಮುರಿ ತಿನ್ನುತ್ತ ನಿಂತಿರುತ್ತದೆ. ಬೈ ಸಿಕ್ಕವರ ಮುಖದ ಕಳೆಯೇ ಬೇರೆ, ಗೆದ್ದವರಿಗೂ ಅಷ್ಟು ನೆಮ್ಮದಿ ಇರುವುದಿಲ್ಲ.

ಜಿಲ್ಲೆ ಗೆದ್ದ ಸಂಭ್ರಮ ವಿಭಾಗ ಮಟ್ಟದ ಚೀಟಿ ಎತ್ತುವ ತನಕ. ಮೈಸೂರು ವಿಭಾಗದಲ್ಲಿ ದಕ್ಷಿಣ ಕನ್ನಡವೂ ಇದೆ, ಉಡುಪಿಯೂ ಇದೆ. ಚೀಟಿಯಲ್ಲಿ ಆ ಹೆಸರು ಬಂದರೆ ನಮ್ಮ ಹುಡುಗರು ವಾಪಸು ಬಸ್ಸಿನ ಟೈಮು ವಿಚಾರಿಸುತ್ತಾರೆ. ಕೋರ್ಟಿಗಿಳಿದು ನೋಡಿದರೆ ಎದುರಾಳಿ ತಂಡದಲ್ಲಿ ನಮ್ಮ ಹೊಗೆಸೊಪ್ಪಿನ ಗೌಡರ ಮಗ! ನಮ್ಮವನೇ ನಮ್ಮನ್ನು ಔಟ್ ಮಾಡಿ, ಆಟ ಮುಗಿದ ಮೇಲೆ ಬಂದು, “ಊರಲ್ಲಿ ಮಳೆ ಹೆಂಗೈತ್ರೊ?” ಎಂದು ಕೇಳುತ್ತಾನೆ. ಅವನ ಮೇಲೆ ಸಿಟ್ಟು ಬರುವುದಿಲ್ಲ. ಅವನು ಇಲ್ಲೇ ಉಳಿದಿದ್ದರೆ ಇಷ್ಟು ಹೊತ್ತಿಗೆ ಆಟ ಬಿಟ್ಟು ಹಾಸನದ ಯಾವುದಾದರೂ ಮೊಬೈಲ್ ಅಂಗಡಿಯಲ್ಲಿರುತ್ತಿದ್ದ ಎಂಬುದು ಎಲ್ಲರಿಗೂ ಗೊತ್ತು.

ಪಂದ್ಯಾವಳಿಗಳನ್ನು ಹಿಗ್ಗಿಸುವ ಗಾಳಿ ಈಗ ಎಲ್ಲ ಕಡೆಯೂ ಬೀಸುತ್ತಿದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಸೀಸನ್ ಕೊನೆಯ ಪಂದ್ಯಾವಳಿ 1939ರಲ್ಲಿ ಶುರುವಾದಾಗ ಇದ್ದದ್ದು 8 ತಂಡ, ನಮ್ಮ ತಾಲ್ಲೂಕುಗಳಷ್ಟೇ. 1985ಕ್ಕೆ 64, 2011ಕ್ಕೆ 68. ಅದೂ ಸಾಲದು, 72 ಮಾಡೋಣ, 76 ಮಾಡೋಣ ಎಂಬ ಚರ್ಚೆ ಎದ್ದಿತು. 2026ರ ಫುಟ್‌ಬಾಲ್ ವಿಶ್ವಕಪ್ 32ರ ಬದಲು 48 ತಂಡಗಳದ್ದು. ನಮ್ಮ ಪ್ರೊ ಕಬಡ್ಡಿಯೂ 2014ರಲ್ಲಿ 8 ತಂಡಗಳಿಂದ ಹೊರಟು 2017ಕ್ಕೆ 12 ಆಯಿತು. ಕೊನೆಯ ಸುತ್ತಿಗೆ ಆರು ತಂಡ ಹೋಗುತ್ತಿದ್ದದ್ದು 2025ರಲ್ಲಿ ಎಂಟಾಯಿತು. ಹನ್ನೆರಡರಲ್ಲಿ ಎಂಟು ಪಾಸ್ ಎಂದರೆ ನಮ್ಮ ಕಾಲದ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗಿಂತ ಉದಾರ.

ಹಿಗ್ಗಿಸಿದರೆ ಆಟದ ಮಟ್ಟ ಇಳಿಯುತ್ತದೆ ಎಂದು ಪಂಡಿತರು ಮುಖ ಸಿಂಡರಿಸುತ್ತಾರೆ. ಹಿಗ್ಗಿಸಿದರೆ ಟಿ.ವಿ.ಯವರಿಗೆ ಪಂದ್ಯ ಹೆಚ್ಚು, ಹಣ ಹೆಚ್ಚು ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಎರಡೂ ನಿಜ. ನಮ್ಮ ಹಳ್ಳಿ ಕಮಿಟಿಗಳಿಗೆ ಇದು ಮೊದಲೇ ಗೊತ್ತಿತ್ತು. ಹದಿನಾರು ತಂಡ ಎಂದು ಅಚ್ಚು ಹಾಕಿಸಿರುತ್ತಾರೆ. ಪ್ರವೇಶ ಶುಲ್ಕ ಹಿಡಿದು ಹದಿನೇಳನೆಯ ತಂಡ ಬಂದರೆ ಇಲ್ಲ ಎನ್ನಲು ಮನಸ್ಸು ಬಾರದು. ಶಾಮಿಯಾನದವನಿಗೆ ಕೊಡಬೇಕು, ಜನರೇಟರಿಗೆ ಡೀಸೆಲ್ ಹಾಕಬೇಕು. ಸಂಜೆ ಹೊತ್ತಿಗೆ 23 ತಂಡ. ನಾಕ್‌ಔಟಿನ ಲೆಕ್ಕ ಸುಲಭ: ಗೆದ್ದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಂದೊಂದು ಸಲ ಸೋಲಬೇಕು, ಅಂದರೆ 22 ಪಂದ್ಯ. ಒಂದಕ್ಕೆ ಅರ್ಧ ಗಂಟೆ ಹಿಡಿದರೂ ಹನ್ನೊಂದು ಗಂಟೆ. ಉದ್ಘಾಟನೆಗೆ ಬರಬೇಕಾದ ಮುಖಂಡರು ಏಳಕ್ಕೆ ಬಂದರೆ ಫೈನಲ್ ಮುಗಿಯುವುದು ಬೆಳಗಿನ ಆರಕ್ಕೆ. ಆ ಹೊತ್ತಿಗೆ ಪ್ರೇಕ್ಷಕರಲ್ಲಿ ಅರ್ಧ ಜನ ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಬಂದವರು. ಕಾಮೆಂಟರಿ ಹೇಳುವವನ ಗಂಟಲು ಬಿದ್ದು ಹೋಗಿರುತ್ತದೆ. ಟಗರು ಮಾತ್ರ ರಾತ್ರಿಯೆಲ್ಲ ನಿದ್ದೆಗೆಟ್ಟು ತನ್ನ ಭವಿಷ್ಯ ಯಾವ ಊರಿನಲ್ಲಿ ಎಂದು ಕಾಯುತ್ತಿರುತ್ತದೆ.

ಇಷ್ಟಾದರೂ ನಾನು ಹಿಗ್ಗಿಸುವವರ ಪಕ್ಷ. ಪಂದ್ಯಾವಳಿ ನಡೆಯುವುದೇ ಸೋಲುವವರಿಂದ. 68 ತಂಡಗಳ ಪಂದ್ಯಾವಳಿಯಲ್ಲಿ 67 ತಂಡ ಸೋತು ಹೋಗುತ್ತವೆ. ಅವು ಬಾರದಿದ್ದರೆ ಗೆದ್ದವರು ಗೆಲ್ಲುವುದು ಯಾರ ಮೇಲೆ? ನನ್ನ ತಕರಾರು ಒಂದೇ. ಎಲ್ಲರೂ ತುದಿಯಲ್ಲಿ ಹಿಗ್ಗಿಸುತ್ತಾರೆ, ಬುಡದಲ್ಲಿ ಹಿಗ್ಗಿಸುವವರಿಲ್ಲ. ನಮ್ಮ ಹೋಬಳಿ ಮಟ್ಟದ ಪಂದ್ಯಕ್ಕೆ ಎಂಟು ಶಾಲೆ ಬಂದವು ಎನ್ನಿ. ಹನ್ನೊಂದು ಗಂಟೆಗೆ ನಾಲ್ಕು ಶಾಲೆಯ ಮಕ್ಕಳ ಆಟ ಮುಗಿದಿರುತ್ತದೆ. ಆ ದಿನದ್ದಷ್ಟೇ ಅಲ್ಲ, ಆ ವರ್ಷದ್ದು. ಜೂನ್‌ನಿಂದ ಕಾದು, ಯಾರದೋ ಅಣ್ಣನ ಟೀ ಶರ್ಟಿಗೆ ನಂಬರು ಬರೆಸಿಕೊಂಡು ಬಂದ ಹುಡುಗಿ ಒಂದೇ ಒಂದು ರೈಡ್ ಮಾಡಿ ಮನೆಗೆ ಹೋಗುತ್ತಾಳೆ. ಅವಳಲ್ಲಿ ಎಂಥ ಆಟ ಇತ್ತೆಂದು ಮೂಡುಬಿದಿರೆಯವರಿಗಿರಲಿ, ಅವಳಿಗೇ ತಿಳಿಯುವುದಿಲ್ಲ.

ಅದೇ ಎಂಟು ಶಾಲೆಗಳನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ಲೀಗ್ ಆಡಿಸಿ, ಆಮೇಲೆ ಎರಡು ಸೆಮಿ, ಒಂದು ಫೈನಲ್ ಇಟ್ಟರೆ ಏಳು ಪಂದ್ಯದ ಜಾಗದಲ್ಲಿ ಹದಿನೈದು ಆಗುತ್ತವೆ. ಪ್ರತಿ ಮಗುವಿಗೂ ಮೂರು ಪಂದ್ಯ ಗ್ಯಾರಂಟಿ. ಇದಕ್ಕೆ ಬೇಕಾದ್ದು ಕೋಟಿಯಲ್ಲ. ಇನ್ನೊಂದು ದಿನ, ಇನ್ನೊಂದು ಹೊತ್ತಿನ ಊಟ, ಮಕ್ಕಳ ಬಸ್ ಚಾರ್ಜು, ಸೀಟಿ ಊದಲು ಒಬ್ಬ ಮೇಷ್ಟ್ರು. ಆಳೆತ್ತರದ ಟ್ರೋಫಿಗೆ ಕೊಡುವ ಹಣದಲ್ಲಿ ಇದರ ದೊಡ್ಡ ಪಾಲು ಮುಗಿಯುತ್ತದೆ.

ಆದ್ದರಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನದ ದಾನಿಗಳಲ್ಲಿ ವಿನಂತಿ. ಈ ವರ್ಷ ನಿಮ್ಮ ಹೆಸರಿನಲ್ಲಿ ಟ್ರೋಫಿ ಬೇಡ. ನಿಮ್ಮ ಹೋಬಳಿಯ ಶಾಲೆಗೆ ಹೋಗಿ, ಮೊದಲ ಸುತ್ತಿನಲ್ಲಿ ಸೋತ ಮಕ್ಕಳಿಗೆ ಎರಡನೆಯ ಪಂದ್ಯ ಆಡಿಸಲು ಎಷ್ಟು ಖರ್ಚಾಗುತ್ತದೆ ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿ. ಅವರು ಹೇಳುವ ಮೊತ್ತ ಒಂದು ಟಗರಿನ ಬೆಲೆ ದಾಟಲಾರದು.