ವಿಮರ್ಶಕ ಮಹಾಶಯರು

ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಗೆಂದು ಶ್ರೀರಾಮಸೇವಾ ಮಂಡಳಿಯವರು ಹಾಕಿಸುವ ಚಪ್ಪರದಡಿಯಾಗಲಿ, 1905ರಷ್ಟು ಹಿಂದೆಯೇ ಸ್ಥಾಪಿತವಾದ ಗಾಯನ ಸಮಾಜದ ಸಭಾಂಗಣದಲ್ಲಾಗಲಿ, ಎರಡನೆಯ ಸಾಲಿನ ಅಂಚಿನ ಕುರ್ಚಿಯನ್ನಲಂಕರಿಸಿ, ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ಏನನ್ನೋ ಗೀಚುತ್ತಿರುವ ಮಹಾಶಯರೊಬ್ಬರನ್ನು ವಾಚಕರು ಕಂಡೇ ಇರುತ್ತಾರೆ. ಅವರೇ ನಮ್ಮ ಸಂಗೀತ ವಿಮರ್ಶಕರು. ಅವರ ಕಿವಿ ಸಾಮಾನ್ಯವಾದುದಲ್ಲ. ಗಾಯಕರು ತಾರಷಡ್ಜಕ್ಕೇರಿ, ತಂಬೂರಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತುಬಿಟ್ಟು, ಅದನ್ನರಿಯದ ಸಭೆಯು ಕರತಾಡನದಲ್ಲಿ ಮಗ್ನವಾಗಿರುವಾಗ, ಇವರ ಎಡಹುಬ್ಬು ಮಾತ್ರ ಮೆಲ್ಲನೆ ಮೇಲಕ್ಕೆ ಸರಿಯುವುದುಂಟು. ಆ ಹುಬ್ಬಿಗಿರುವ ಶ್ರುತಿಶುದ್ಧಿ ಎಷ್ಟೋ ಶಾರೀರಗಳಿಗಿಲ್ಲವೆಂದು ಪಕ್ಕವಾದ್ಯದವರಲ್ಲಿಯೇ ಪ್ರತೀತಿ.

ಪತ್ರಿಕೆಗಳಲ್ಲಿ ಸಂಗೀತಕ್ಕೆಂದೇ ವಾರಕ್ಕೊಂದು ಅಂಕಣವಿದ್ದ ಕಾಲದಲ್ಲಿ ಈ ಹುಬ್ಬು ಅಚ್ಚಾಗಿಯೂ ಹೊರಬೀಳುತ್ತಿತ್ತು. ಶಾರೀರವು ಇನ್ನಷ್ಟು ಸಹಕರಿಸಬಹುದಾಗಿತ್ತೆಂದರೆ ಅಪಶ್ರುತಿ; ಮೃದಂಗವು ಉತ್ಸಾಹಪೂರ್ಣವಾಗಿತ್ತೆಂದರೆ ಹಾಡು ಕೇಳಿಸಲಿಲ್ಲ; ಕಚೇರಿಯು ಕ್ರಮೇಣ ಕಳೆಗಟ್ಟಿತೆಂದರೆ ತಾವು ತಡವಾಗಿ ಬಂದರು. ಉಪಸಂಪಾದಕರಾದರೋ ಜಾಹೀರಾತಿಗೆ ಸ್ಥಳ ಮಾಡುವ ಆತುರದಲ್ಲಿ ಹೊಗಳಿಕೆಯನ್ನೆಲ್ಲ ಕತ್ತರಿಸಿ, ಕುಂದೆಣಿಸಿದ ಒಂದು ಸಾಲನ್ನು ಉಳಿಸಿಬಿಡುತ್ತಿದ್ದರು. ಮಹಾಶಯರು ಆ ಕತ್ತರಿಗೆ ಶಾಪ ಹಾಕದ ಭಾನುವಾರವಿರಲಿಲ್ಲ. ಅವರ ಕೀರ್ತಿಗೆ ಕಾರಣವೂ ಅದೇ ಆಗಿತ್ತೆಂಬುದು ನನ್ನ ಅಭಿಮತ.

ಆ ಅಂಕಣವು ಕುಗ್ಗಿ ಕುಗ್ಗಿ ಭಾವಚಿತ್ರದ ಅಡಿಬರಹವಾಯಿತು. ಬಳಿಕ ಅದೂ ಹೋಯಿತು. ಈಗ ಮಹಾಶಯರ ಲೇಖನವ್ಯವಸಾಯವೆಲ್ಲ ಫೇಸ್‌ಬುಕ್ಕಿನಲ್ಲಿ. ಅಲ್ಲಿ ಕತ್ತರಿಯಿಲ್ಲ, ಸ್ಥಳಕ್ಕೆ ಮಿತಿಯಿಲ್ಲ, ಬರೆಯಬೇಡಿರೆನ್ನುವವರಿಲ್ಲ. ಆದರೆ ಗಾಯಕರೂ, ಗಾಯಕರ ಗುರುಗಳೂ, ಶಿಷ್ಯವೃಂದವೂ, ಮುಂದಿನ ತಿಂಗಳು ಇವರಿಗೆ ಶಾಲು ಹೊದಿಸಲಿರುವ ಸಭೆಯ ಕಾರ್ಯದರ್ಶಿಗಳೂ ಇವರ ಸ್ನೇಹಿತರ ಪಟ್ಟಿಯಲ್ಲಿಯೇ ಇರುವುದರಿಂದ, ಮಂಗಳ ಹಾಡಿ ಮುಗಿಸುವುದರೊಳಗಾಗಿ ಸೆಲ್ಫಿಯ ಸಮೇತ ‘ದಿವ್ಯಾನುಭವ’ವೊಂದು ಪ್ರಕಟವಾಗಿ, ಅದರಡಿಯಲ್ಲಿ ಕೈಮುಗಿದ ಚಿತ್ರಗಳ ತೋರಣ ಕಟ್ಟಿರುತ್ತದೆ. ಕಾಂಭೋಜಿ ಗಂಗೆಯಂತೆ ಹರಿಯಿತೆಂದು ಅದರಲ್ಲಿದೆ. ಹುಬ್ಬು ಏರಿದ ಸಂಗತಿ ಇಲ್ಲ.

ಹಾಗೆಂದು ಅವರ ಕಿವಿ ಮಂದವಾಯಿತೆಂದು ಯಾರೂ ಭ್ರಮಿಸಬಾರದು. ಕಚೇರಿ ನಿಜಕ್ಕೂ ಹೇಗಿತ್ತೆಂದು ತಿಳಿಯಬಯಸುವ ವಾಚಕರು, ತನಿ ಆವರ್ತನ ಆರಂಭವಾದೊಡನೆ ಅವರನ್ನು ಹಿಂಬಾಲಿಸಿ ಕ್ಯಾಂಟೀನಿಗೆ ತೆರಳಿ, ಕಾಫಿಯ ಲೋಟ ಹಿಡಿದು, ಅಪರಿಚಿತರಂತೆ ಅವರ ಬೆನ್ನ ಹಿಂದೆ ನಿಲ್ಲತಕ್ಕದ್ದು. ಮೊಬೈಲನ್ನು ಮಾತ್ರ ಹೊರತೆಗೆಯಬಾರದು. ಕಂಡರೆ ಅಲ್ಲಿಯೂ ದಿವ್ಯಾನುಭವವೇ.